ಅಕ್ಷರದ ಕೆಳಗಿನ ಚುಕ್ಕೆ

ಅರಬಿ ಭಾಷೆಯಲ್ಲಿ ನಮ್ಮ ಕಿವಿಗೆ ‘ಅಲೀಮ್’ ಎಂದೇ ಕೇಳಿಸುವ ಎರಡು ಪದಗಳಿವೆ. ಐನ್ ಅಕ್ಷರದಿಂದ ಆರಂಭವಾಗುವ ಅಲೀಮ್ ಎಂದರೆ ಎಲ್ಲವನ್ನೂ ಬಲ್ಲವನು. ಅದು ಅಲ್ಲಾಹನ ಪವಿತ್ರ ನಾಮಗಳಲ್ಲಿ ಒಂದು. ಹಂಝದಿಂದ ಆರಂಭವಾಗುವ ಅಲೀಮ್ ಎಂದರೆ ಯಾತನಾಮಯವಾದದ್ದು. ಪವಿತ್ರ ಕುರ್‌ಆನಿನಲ್ಲಿ ಶಿಕ್ಷೆಯ ವಿಶೇಷಣವಾಗಿ ಆ ಪದ ಮತ್ತೆ ಮತ್ತೆ ಬರುತ್ತದೆ. ಗಂಟಲಿನ ಆಳದಿಂದ ಹೊರಡುವ ಒಂದು ಸ್ವರದ ವ್ಯತ್ಯಾಸವಷ್ಟೇ ಈ ಎರಡು ಪದಗಳ ನಡುವಿನ ಅಂತರ. ಕನ್ನಡದಲ್ಲಿ ಬರೆಯುವಾಗ ಆ ಅಂತರವೂ ಇಲ್ಲ. ಎರಡನ್ನೂ ನಾವು ಅವೇ ಕೀಲಿಗಳನ್ನು ಒತ್ತಿ ಒಂದೇ ರೂಪದಲ್ಲಿ ಮೂಡಿಸುತ್ತೇವೆ.

ಇಂತಹ ಜೋಡಿಗಳು ಹಲವಿವೆ. ಖಾಫ್ ಅಕ್ಷರದ ‘ಕಲ್ಬ್’ ಹೃದಯ, ಕಾಫ್ ಅಕ್ಷರದ ‘ಕಲ್ಬ್’ ನಾಯಿ. ಮದ್ರಸದಲ್ಲಿ ಕಲಿತ ಪ್ರತಿಯೊಂದು ಮಗುವೂ ಈ ಉದಾಹರಣೆಯನ್ನು ಉಸ್ತಾದರ ಬಾಯಿಯಿಂದ ಒಮ್ಮೆಯಾದರೂ ಕೇಳಿರುತ್ತದೆ. ಸೂರಃ ಕುರೈಶ್‌ನಲ್ಲಿ ಬರುವ ‘ಸೈಫ್’ ಸ್ವಾದ್ ಅಕ್ಷರದ್ದು, ಬೇಸಿಗೆ ಎಂದು ಅದರ ಅರ್ಥ. ಅದನ್ನೇ ಸೀನ್ ಅಕ್ಷರದಿಂದ ಉಚ್ಚರಿಸಿದರೆ ಖಡ್ಗವಾಗುತ್ತದೆ. ಅರಬಿಯಲ್ಲಿ ಬೇರೆ ಬೇರೆಯಾಗಿರುವ ಸೀನ್, ಸ್ವಾದ್, ಸಾ ಎಂಬ ಮೂರು ಅಕ್ಷರಗಳು ಕನ್ನಡದ ಒಂದು ‘ಸ’ಕಾರದಲ್ಲಿ ಸೇರಿಹೋಗುತ್ತವೆ. ‘ಝ’ದ ಸ್ಥಿತಿ ಇನ್ನೂ ಕಷ್ಟದ್ದು, ಅದರ ತಲೆಯ ಮೇಲೆ ನಾಲ್ಕು ಅಕ್ಷರಗಳ ಭಾರವಿದೆ. ಸಾಮಾನ್ಯ ಪತ್ರಿಕೆಗಳು ನಮಾಜ್, ಜಕಾತ್, ರಂಜಾನ್ ಎಂದು ಬರೆಯುತ್ತವೆ. ನಮ್ಮ ಬರಹಗಳಲ್ಲಿ ನಮಾಝ್, ಝಕಾತ್, ರಮಝಾನ್ ಎಂಬ ರೂಪಗಳು ನೆಲೆಗೊಂಡಿವೆ. ಕೇರಳದ ಉಚ್ಚಾರಣೆಯ ಪ್ರಭಾವವಿರುವ ಕರಾವಳಿಯಲ್ಲಿ ರಮಳಾನ್, ವುಳೂ ಎಂದೇ ಬರೆಯುವವರಿದ್ದಾರೆ. ಒಂದೇ ತಿಂಗಳ ಹೆಸರಿಗೆ ಒಂದೇ ಜಿಲ್ಲೆಯ ಎರಡು ಮಸೀದಿಗಳ ಫಲಕಗಳಲ್ಲಿ ಎರಡು ಕಾಗುಣಿತ!

ಈ ವಿಷಯ ನನಗೆ ಕೇವಲ ವ್ಯಾಕರಣದ ಕುತೂಹಲವಾಗಿ ಉಳಿಯಲಿಲ್ಲ. ಅದಕ್ಕೆ ಕಾರಣ ನನ್ನ ಉಪ್ಪ ಬಿಟ್ಟುಹೋದ ಒಂದು ನೋಟ್ ಪುಸ್ತಕ.

ಉಪ್ಪ ಮದ್ರಸದಲ್ಲಿ ಅಧ್ಯಾಪಕರಾಗಿದ್ದರು. ಹಗಲಿನಲ್ಲಿ ಮಕ್ಕಳಿಗೆ ಪಾಠ, ಮಗ್ರಿಬ್ ಕಳೆದ ಮೇಲೆ ನಮ್ಮ ಮನೆಯ ಜಗಲಿಯಲ್ಲಿ ನೆರೆಯ ಮಹಿಳೆಯರಿಗೆ ಪಾಠ. ಆ ಮಹಿಳೆಯರಲ್ಲಿ ಹೆಚ್ಚಿನವರು ಬೀಡಿ ಕಟ್ಟಿ ಸಂಸಾರ ನಡೆಸುತ್ತಿದ್ದವರು. ಎಲೆಯ ಮೊರವನ್ನು ಮಡಿಲಲ್ಲಿಟ್ಟುಕೊಂಡೇ ಬಂದು ಕುಳಿತುಕೊಳ್ಳುತ್ತಿದ್ದರು. ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವರಾದ್ದರಿಂದ ಅವರಿಗೆ ಕನ್ನಡ ಓದಲು ಬರುತ್ತಿತ್ತು. ಮದ್ರಸ ಹತ್ತಿರವಿಲ್ಲದ ಕಾಲದಲ್ಲಿ ಬೆಳೆದವರಾದ್ದರಿಂದ ಅರಬಿ ಅಕ್ಷರ ಕೂಡಿಸಿ ಓದಲು ಬರುತ್ತಿರಲಿಲ್ಲ. ಅವರಿಗಾಗಿ ಉಪ್ಪ ಬೆಳಗ್ಗೆ ಸಂಜೆಯ ದ್ಸಿಕ್ರ್‌ಗಳನ್ನು, ನಿದ್ರೆಯ ಮುಂಚಿನ ದುಆಗಳನ್ನು, ಮಯ್ಯಿತ್ ನಮಾಝಿನ ದುಆಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರು. ಆದರೆ ಬರಿಯ ಕನ್ನಡದಲ್ಲಿ ಅಲ್ಲ. ಖಾಫ್ ಬರುವಲ್ಲಿ ‘ಕ’ದ ಕೆಳಗೆ ಕೆಂಪು ಶಾಯಿಯ ಚುಕ್ಕೆ, ಸ್ವಾದ್ ಬರುವಲ್ಲಿ ‘ಸ’ದ ಕೆಳಗೆ ಒಂದು ಅಡ್ಡಗೆರೆ, ಐನ್ ಬರುವಲ್ಲಿ ಸ್ವರದ ಹಿಂದೆ ಒಂದು ಸಣ್ಣ ಕೊಕ್ಕೆ. ಎಲ್ಲ ಸೇರಿ ಒಂಬತ್ತು ಗುರುತುಗಳು. ಗುರುತು ಕಂಡಲ್ಲಿ ನಾಲಿಗೆ ಎಲ್ಲಿ ಮುಟ್ಟಬೇಕೆಂಬುದನ್ನು ಅವರು ಬಾಯಿಯಿಂದ ಕಲಿಸಿದ್ದರು, ಗುರುತು ಅದನ್ನು ನೆನಪಿಸಲು ಮಾತ್ರ.

ಉಪ್ಪ ತೀರಿಕೊಂಡ ಮೇಲೆ ಆ ಪುಸ್ತಕ ಕೈಯಿಂದ ಕೈಗೆ ಹೋಗಿ, ಹಾಳೆಗಳ ಅಂಚು ಉದುರಿ, ಕೆಂಪು ಶಾಯಿ ಮಾಸಿ ಮರಳಿ ನಮ್ಮ ಮನೆಗೆ ಬಂತು. ಅಂದು ಜಗಲಿಯಲ್ಲಿ ಕುಳಿತಿದ್ದವರಿಗೆ ಈಗ ಎಪ್ಪತ್ತು ದಾಟಿದೆ, ಕಣ್ಣು ಮಂಜಾಗಿದೆ. “ದೊಡ್ಡ ಅಕ್ಷರದಲ್ಲಿ ಕಂಪ್ಯೂಟರಿನಲ್ಲಿ ಹೊಡೆದುಕೊಡು ಮೋನೆ, ಆದರೆ ನಿನ್ನ ಉಪ್ಪ ಇಟ್ಟ ಹಾಗೆಯೇ ಇರಲಿ” ಎಂದು ಉಮ್ಮನ ಗೆಳತಿಯೊಬ್ಬರು ಕೇಳಿದರು. ಕಚೇರಿಯಲ್ಲಿ ಕನ್ನಡ ಬೆರಳಚ್ಚು ಮಾಡಿಯೇ ಬದುಕು ಸಾಗಿಸಿದವನು ನಾನು. ಒಪ್ಪಿಕೊಂಡೆ.

ನನ್ನ ಬೆರಳುಗಳಿಗೆ ಗೊತ್ತಿರುವುದು ‘ನುಡಿ’ ತಂತ್ರಾಂಶದ ಕೀಲಿಮಣೆ ವಿನ್ಯಾಸ. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಈ ವಿನ್ಯಾಸ ಕನ್ನಡದ ಮಟ್ಟಿಗೆ ಒಂದು ಉಪಕಾರವೇ ಸರಿ. ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲಿಯೇ ನಮ್ಮ ವರ್ಣಮಾಲೆ ಪೂರ್ತಿ ಅಡಗುತ್ತದೆ, ಒತ್ತಕ್ಷರಕ್ಕೆ ‘ಎಫ್’ ಕೀಲಿ ಒತ್ತಿದರಾಯಿತು. ಆದರೆ ಒಂದು ವರ್ಣಮಾಲೆಗೆಂದು ಹೊಲಿದ ಅಂಗಿಯಲ್ಲಿ ಇನ್ನೊಂದರ ಮೈ ಹಿಡಿಸುವುದಿಲ್ಲ. ಉಪ್ಪನ ಒಂಬತ್ತು ಗುರುತುಗಳಲ್ಲಿ ಒಂದಕ್ಕೂ ಅಲ್ಲಿ ಮುದ್ರೆಯೊತ್ತಿದ ಕೀಲಿ ಇರಲಿಲ್ಲ.

ಇದಕ್ಕೂ ಮುಂಚಿನ ಕಾಲವನ್ನು ನೆನೆದರೆ ಈಗಿನ ತೊಡಕು ದೊಡ್ಡದಲ್ಲ ಎನ್ನಬೇಕು. ಯೂನಿಕೋಡ್ ಬಳಕೆಗೆ ಬರುವ ಮೊದಲು ನಮ್ಮ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಇಟ್ಟು ಕೆಲಸ ನಡೆಸುತ್ತಿದ್ದವು. ಫಾಂಟ್ ಬದಲಾದರೆ ಇಡೀ ಪುಟ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತಿತ್ತು. ನಮ್ಮ ಊರಿನ ಮುದ್ರಣಾಲಯದಲ್ಲಿ ಅರಬಿ ಸಾಲು ಬಂದಲ್ಲಿ ಜಾಗ ಖಾಲಿ ಬಿಟ್ಟು, ಅದನ್ನು ಬೇರೆ ಕಾಗದದಲ್ಲಿ ಕೈಯಿಂದ ಬರೆಸಿ ಕತ್ತರಿಸಿ ಅಂಟಿಸುತ್ತಿದ್ದರು. ಯೂನಿಕೋಡ್ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ಅದರದೇ ಸಂಖ್ಯೆಯನ್ನು ಕೊಟ್ಟದ್ದರಿಂದ ಕನ್ನಡ, ಅರಬಿ, ಇಂಗ್ಲಿಷ್ ಮೂರೂ ಒಂದೇ ಸಾಲಿನಲ್ಲಿ ನಿಲ್ಲಬಲ್ಲವು.

ಅಕ್ಷರದ ಕೆಳಗಿಡುವ ಚುಕ್ಕೆಗೆ ‘ನುಕ್ತಾ’ ಎಂದು ಹೆಸರು. ಆ ಹೆಸರೇ ಅರಬಿಯದ್ದು. ದೇವನಾಗರಿಯಲ್ಲಿ ಉರ್ದು ಪದಗಳನ್ನು ಬರೆಯಲು ಅದನ್ನು ಬಹುಕಾಲದಿಂದ ಬಳಸುತ್ತಿದ್ದಾರೆ. ಕನ್ನಡಕ್ಕೆಂದೇ ಒಂದು ನುಕ್ತಾ ಚಿಹ್ನೆ ಯೂನಿಕೋಡಿನ 4.0 ಆವೃತ್ತಿಯಲ್ಲಿ, ಅಂದರೆ 2003ರಲ್ಲಿ, ಸೇರ್ಪಡೆಯಾಯಿತು. ಅದರ ಸಂಖ್ಯೆ 0ಸಿಬಿಸಿ. ವರ್ಡ್ ತಂತ್ರಾಂಶದಲ್ಲಿ ‘ಕ’ ಬರೆದು, ಅದರ ಮುಂದೆ ಈ ಸಂಖ್ಯೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ, ಆಲ್ಟ್ ಕೀಲಿಯೊಂದಿಗೆ ಎಕ್ಸ್ ಒತ್ತಿದರೆ ‘ಕ಼’ ಆಗುತ್ತದೆ. ಒಮ್ಮೆ ಹೀಗೆ ಮೂಡಿಸಿದ ಅಕ್ಷರವನ್ನು ಸ್ವಯಂ ತಿದ್ದುಪಡಿಯ ಪಟ್ಟಿಗೆ ಸೇರಿಸಿಕೊಂಡರೆ ಮರುಸಲ ಸಂಖ್ಯೆಯ ಹಂಗಿಲ್ಲ.

ಆದರೆ ಒಂದು ನುಕ್ತಾದಿಂದ ಒಂಬತ್ತು ಗುರುತುಗಳ ಕೆಲಸ ಹೇಗೆ ನಡೆದೀತು? ಉಪ್ಪನ ಅಡ್ಡಗೆರೆಗೆ ಹತ್ತಿರವಾದ ಚಿಹ್ನೆಗಳು ಯೂನಿಕೋಡಿನಲ್ಲಿ ಇವೆ, ಆದರೆ ಅವು ಲ್ಯಾಟಿನ್ ಅಕ್ಷರಗಳ ಸಂಗಾತಿಗಳು. ಅವನ್ನು ‘ಸ’ದ ಕೆಳಗೆ ಇಟ್ಟಾಗ ಹಲವು ಫಾಂಟ್‌ಗಳಲ್ಲಿ ಗೆರೆ ಪಕ್ಕಕ್ಕೆ ಜಾರಿತು, ಕೆಲವೆಡೆ ಅಕ್ಷರದ ಬಳಿ ಚುಕ್ಕೆಗಳ ಒಂದು ವೃತ್ತ ಮೂಡಿ ನಿಂತಿತು. ಅನಾಥ ಚಿಹ್ನೆ ಎಂದು ಗಣಕಯಂತ್ರ ಕೊಡುವ ಸೂಚನೆ ಅದು.

ಇಂಗ್ಲಿಷ್‌ನಲ್ಲಿ ಬರೆಯುವ ವಿದ್ವಾಂಸರಿಗೆ ಈ ತೊಂದರೆ ಇಷ್ಟಿಲ್ಲ. ಅವರು ಅರಬಿಯ ಹಾ, ಸ್ವಾದ್, ತ್ವಾಗಳಿಗೆ ಚುಕ್ಕೆಯಿರುವ ಲ್ಯಾಟಿನ್ ಅಕ್ಷರಗಳನ್ನೂ, ದೀರ್ಘ ಸ್ವರಗಳಿಗೆ ಮೇಲ್ಗೆರೆಯ ಅಕ್ಷರಗಳನ್ನೂ ಬಳಸುತ್ತಾರೆ. ಅವೆಲ್ಲ ಸಿದ್ಧ ಅಕ್ಷರಗಳಾಗಿ ಯೂನಿಕೋಡಿನಲ್ಲಿವೆ. ಚುಕ್ಕೆಯಿರುವ ‘ಎಚ್’ಗೆ 1ಇ25, ‘ಎಸ್’ಗೆ 1ಇ63, ‘ಟಿ’ಗೆ 1ಇ6ಡಿ, ದೀರ್ಘ ‘ಎ’ಗೆ 0101. ಆಪಲ್ ಗಣಕಯಂತ್ರವಿದ್ದವರು ‘ಎಬಿಸಿ ಎಕ್ಸ್‌ಟೆಂಡೆಡ್’ ಕೀಲಿಮಣೆಯನ್ನು ಆರಿಸಿಕೊಂಡರೆ ಆಪ್ಷನ್ ಕೀಲಿಯೊಂದಿಗೆ ಎಕ್ಸ್ ಒತ್ತಿ ಕೆಳಚುಕ್ಕೆಯನ್ನು, ಎ ಒತ್ತಿ ಮೇಲ್ಗೆರೆಯನ್ನು ತರಬಹುದು. ಉನ್ನತ ಶಿಕ್ಷಣದಲ್ಲಿರುವ ನಮ್ಮ ಮಕ್ಕಳು ಪ್ರಬಂಧ ಬರೆಯುವಾಗ ಇದನ್ನು ಕಲಿತುಕೊಳ್ಳುವುದು ಒಳ್ಳೆಯದು.

ಅರಬಿಯನ್ನೇ ಟೈಪು ಮಾಡಲು ಮನಸ್ಸಿದ್ದವರಿಗೆ ವಿಂಡೋಸ್‌ನಲ್ಲಿ ಅರಬಿ ಭಾಷೆಯನ್ನು ಸೇರಿಸಿಕೊಂಡರೆ ಸಾಕು, ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿ ಕನ್ನಡಕ್ಕೂ ಅರಬಿಗೂ ದಾಟುತ್ತಿರಬಹುದು. ಅಲ್ಲಿನ ‘101’ ಎಂಬ ವಿನ್ಯಾಸದಲ್ಲಿ ಹರಕತ್‌ಗಳೆಲ್ಲ ಶಿಫ್ಟ್ ಕೀಲಿಯ ಜೊತೆಗಿವೆ. ಕ್ಯೂ ಒತ್ತಿದರೆ ಫತ್‌ಹ, ಇ ಒತ್ತಿದರೆ ಳಮ್ಮ, ಎ ಒತ್ತಿದರೆ ಕಸ್ರ, ಎಕ್ಸ್ ಒತ್ತಿದರೆ ಸುಕೂನ್. ಒಂದರ ಅಂಕಿಯ ಎಡಗಡೆಯ ಕೀಲಿಯಲ್ಲಿ ಶದ್ದ್ ಇದೆ. ಮೊದಲು ಅಕ್ಷರ, ಬಳಿಕ ಅದರ ಹರಕತ್. ಅರಬಿ ಯಾ, ಕಾಫ್‌ಗಳಿಗೂ ಉರ್ದುವಿನ ಯೇ, ಕಾಫ್‌ಗಳಿಗೂ ಯೂನಿಕೋಡಿನಲ್ಲಿ ಬೇರೆ ಬೇರೆ ಸಂಖ್ಯೆಗಳಿವೆ ಎಂಬುದು ನೆನಪಿರಲಿ. ಪದದ ನಡುವೆ ಕಣ್ಣಿಗೆ ಒಂದೇ ಎನಿಸುವ ಅಕ್ಷರ ಹುಡುಕುವ ಯಂತ್ರಕ್ಕೆ ಎರಡು. ಉರ್ದು ಕೀಲಿಮಣೆಯಿಂದ ಬರೆದ ಅರಬಿ ದುಆ ಹುಡುಕಿದಾಗ ಸಿಗದಿರುವುದು ಹಲವು ಸಲ ಈ ಕಾರಣಕ್ಕೆ.

ಕುರ್‌ಆನಿನ ಆಯತ್‌ಗಳನ್ನು ಮಾತ್ರ ಕೈಯಿಂದ ಟೈಪು ಮಾಡಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಮುಸ್‌ಹಫಿನಲ್ಲಿ ಕಾಣುವ ಸಣ್ಣ ಅಲಿಫ್, ವಕ್ಫ್‌ನ ಗುರುತುಗಳು, ವಿಶಿಷ್ಟ ಸುಕೂನ್ ಮುಂತಾದವು ಸಾಮಾನ್ಯ ಅರಬಿ ಕೀಲಿಮಣೆಯಲ್ಲಿ ಇಲ್ಲ. ಯೂನಿಕೋಡ್ ರೂಪದ ಕುರ್‌ಆನ್ ಪಠ್ಯವನ್ನು ಪರಿಶೀಲಿಸಿ ಒದಗಿಸುವ ಉದ್ದೇಶದಿಂದಲೇ 2007ರಲ್ಲಿ ‘ತನ್ಝೀಲ್’ ಯೋಜನೆ ಆರಂಭವಾಯಿತು. ಅಂತಹ ಕಡೆಯಿಂದ ನಕಲು ಮಾಡಿ, ಅಂಟಿಸಿದ ಮೇಲೆ ಮುಸ್‌ಹಫಿನೊಂದಿಗೆ ಅಕ್ಷರ ಅಕ್ಷರ ಹೋಲಿಸಿ ನೋಡಬೇಕು.

ನಮ್ಮ ಊರಿನ ಉಸ್ತಾದರಿಗೆ ಈ ಕೆಲಸವೇ ಅಷ್ಟೊಂದು ಇಷ್ಟವಿರಲಿಲ್ಲ. ಕುರ್‌ಆನನ್ನು ಅರಬಿಯಲ್ಲದ ಲಿಪಿಯಲ್ಲಿ ಬರೆಯುವುದನ್ನು ಅನೇಕ ಉಲಮಾಗಳು ಒಪ್ಪುವುದಿಲ್ಲ ಎಂಬುದನ್ನು ಅವರು ನೆನಪಿಸಿದರು. “ಕನ್ನಡದಲ್ಲಿ ಸುಲಭವಾಗಿ ಸಿಕ್ಕಿದರೆ ಅರಬಿ ಕಲಿಯುವವರು ಯಾರು? ನಿಮ್ಮ ಉಪ್ಪನ ಎದುರು ಕುಳಿತು ಕಲಿತವರಿಗೆ ಆ ಚುಕ್ಕೆಯ ಅರ್ಥ ಗೊತ್ತು. ಈ ಪುಸ್ತಕ ನಾಳೆ ಅವರ ಮೊಮ್ಮಕ್ಕಳ ಕೈಗೆ ಹೋದರೆ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕಲಿಸುವ ಬಾಯಿ ಇಲ್ಲದೆ ಅಕ್ಷರ ಮಾತ್ರ ಉಳಿದರೆ ಅದು ಅರ್ಧ ವಿದ್ಯೆ. ಉಮ್ಮನ ಮಾತು ಬೇರೆ. “ಕತೀಜರ ವಯಸ್ಸಿಗೆ ಈಗ ಅಲಿಫ್ ಬಾ ಶುರು ಮಾಡಲು ಹೇಳುತ್ತೀರಾ? ಇಷ್ಟು ವರ್ಷ ಓದಿದ ದುಆವನ್ನು ಕಣ್ಣು ಕಾಣುವುದಿಲ್ಲವೆಂದು ಬಿಡಬೇಕಾ?” ಎಂದು ಅವರು ಒಳಗಿನಿಂದಲೇ ಕೇಳಿದರು. ಉಸ್ತಾದರು ಸ್ವಲ್ಪ ಹೊತ್ತು ಸುಮ್ಮನಿದ್ದರು. ತಡವರಿಸುತ್ತಾ ಕಷ್ಟಪಟ್ಟು ಕುರ್‌ಆನ್ ಓದುವವರಿಗೆ ಎರಡು ಪ್ರತಿಫಲವಿದೆ ಎಂಬ ಹದೀಸ್ ಅವರಿಗೆ ನಾನು ಹೇಳಬೇಕಾದದ್ದಲ್ಲ.

ಆ ಮಾತುಕತೆಯ ಬಳಿಕ ನಾನು ಅರಬಿ ಲಿಪಿಯ ಚುಕ್ಕೆಗಳ ಇತಿಹಾಸವನ್ನು ಮತ್ತೊಮ್ಮೆ ಓದಿದೆ. ಆರಂಭದ ಮುಸ್‌ಹಫ್‌ಗಳಲ್ಲಿ ಹರಕತ್‌ಗಳಿರಲಿಲ್ಲ, ಅಕ್ಷರಗಳನ್ನು ಬೇರ್ಪಡಿಸುವ ಚುಕ್ಕೆಗಳೂ ಬಹುಮಟ್ಟಿಗೆ ಇರಲಿಲ್ಲ. ಅರಬಿ ತಾಯ್ನುಡಿಯಾಗಿದ್ದವರಿಗೆ ಅವುಗಳ ಅಗತ್ಯವೂ ಬೀಳಲಿಲ್ಲ. ಇಸ್ಲಾಮ್ ಅರಬರಲ್ಲದ ಜನರ ನಡುವೆ ಹರಡಿದಾಗ ತೊಡಕು ಶುರುವಾಯಿತು. ಸೂರಃ ತೌಬಾದ ಆರಂಭದ ಒಂದು ಆಯತ್‌ನಲ್ಲಿ, ಅಲ್ಲಾಹನೂ ಅವನ ಸಂದೇಶವಾಹಕರೂ ಮುಶ್ರಿಕರ ಹೊಣೆಯಿಂದ ಮುಕ್ತರು ಎಂಬ ಘೋಷಣೆಯಿದೆ. ಅಲ್ಲಿ ‘ರಸೂಲ್’ ಪದದ ಕೊನೆಯ ಳಮ್ಮವನ್ನು ಕಸ್ರವಾಗಿ ಓದಿದರೆ, ಅಲ್ಲಾಹನು ತನ್ನ ಸಂದೇಶವಾಹಕರಿಂದಲೂ ಮುಕ್ತನು ಎಂಬ ಘೋರ ಅರ್ಥ ಬರುತ್ತದೆ. ಒಬ್ಬರು ಹಾಗೆ ಓದಿದ್ದನ್ನು ಬಸ್ರಾದ ಅಬುಲ್ ಅಸ್ವದ್ ಅದ್ದುಅಲಿಯವರು ಕೇಳಿ ಬೆಚ್ಚಿಬಿದ್ದರೆಂದೂ, ಆ ಬಳಿಕವೇ ಹರಕತ್‌ಗಳನ್ನು ಗುರುತಿಸುವ ಕೆಲಸಕ್ಕೆ ಕೈಹಾಕಿದರೆಂದೂ ಪರಂಪರೆಯಲ್ಲಿ ಹೇಳಲಾಗುತ್ತದೆ. ಅವರು ಒಬ್ಬ ಲಿಪಿಕಾರನನ್ನು ಕೂರಿಸಿಕೊಂಡು ತಾವು ಓದುತ್ತಾ ಹೋದರಂತೆ. ತುಟಿ ತೆರೆದಾಗ ಅಕ್ಷರದ ಮೇಲೆ, ತುಟಿ ಕೆಳಗಿಳಿದಾಗ ಅಕ್ಷರದ ಕೆಳಗೆ, ತುಟಿ ಮುಚ್ಚಿ ಮುಂದೆ ಚಾಚಿದಾಗ ಅಕ್ಷರದ ಪಕ್ಕದಲ್ಲಿ ಒಂದೊಂದು ಚುಕ್ಕೆ. ಆ ಚುಕ್ಕೆಗಳನ್ನು ಪಠ್ಯದ ಶಾಯಿಯಿಂದ ಬೇರೆಯಾದ ಬಣ್ಣದಲ್ಲಿ ಇಡುವ ರೂಢಿಯಿತ್ತು. ಪ್ರಾಚೀನ ಮುಸ್‌ಹಫ್‌ಗಳ ಹಾಳೆಗಳಲ್ಲಿ ಕೆಂಪು ಚುಕ್ಕೆಗಳನ್ನು ಇಂದಿಗೂ ಕಾಣಬಹುದು. ಅಬುಲ್ ಅಸ್ವದ್ ತೀರಿಕೊಂಡದ್ದು ಹಿಜರಿ 69ರಲ್ಲಿ. ಮುಂದಿನ ಶತಮಾನದಲ್ಲಿ ಅದೇ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ಅವರು ಈಗ ನಾವು ಕಾಣುವ ಹರಕತ್‌ಗಳ ರೂಪವನ್ನು ತಂದರು. ವಾವ್ ಅಕ್ಷರವನ್ನೇ ಕಿರಿದು ಮಾಡಿ ಳಮ್ಮ, ಶೀನ್‌ನ ತಲೆಯನ್ನು ತೆಗೆದುಕೊಂಡು ಶದ್ದ್.

ಕೆಂಪು ಶಾಯಿಯನ್ನು ಉಪ್ಪ ಎಲ್ಲಿಂದ ಕಲಿತರೋ ನಾನರಿಯೆ. ಇದನ್ನೆಲ್ಲ ಉಸ್ತಾದರಿಗೆ ವಿವರಿಸುವ ಅಗತ್ಯ ಬೀಳಲಿಲ್ಲ, ಅವರು ಇದನ್ನು ನನಗಿಂತ ಚೆನ್ನಾಗಿ ಬಲ್ಲವರು. ಮರುವಾರ ಅವರೇ ಬಂದು ಒಂದು ದಾರಿ ಸೂಚಿಸಿದರು. ಆಯತ್‌ಗಳು ಅರಬಿಯಲ್ಲಿ ಮಾತ್ರ ಇರಲಿ, ಅವು ಆ ಹಿರಿಯರಿಗೆಲ್ಲ ಕಂಠಪಾಠ. ಉಳಿದ ದುಆಗಳಲ್ಲಿ ಮೇಲೆ ದೊಡ್ಡದಾಗಿ ಅರಬಿ, ಕೆಳಗೆ ಗುರುತುಗಳೊಂದಿಗೆ ಕನ್ನಡ. ಮೊದಲ ಪುಟದಲ್ಲಿ ಗುರುತುಗಳ ಪಟ್ಟಿ, ಅದರ ಕೆಳಗೆ ಉಸ್ತಾದರಿಂದ ಕೇಳಿ ಕಲಿಯಬೇಕೆಂಬ ಸೂಚನೆ.

ಗುರುತುಗಳನ್ನು ಆರಿಸಲು ನಾವಿಬ್ಬರೂ ಉಮ್ಮನ ಎದುರು ಕುಳಿತೆವು. ಖಾಫ್, ಸ್ವಾದ್, ತ್ವಾ, ಗಂಟಲಿನ ಹಾ ಇವುಗಳಿಗೆ ನುಕ್ತಾ ಇರುವ ಕ, ಸ, ತ, ಹ. ಳ್ವಾದ್‌ಗೆ ನಮ್ಮ ಕಡೆಯ ರೂಢಿಯಂತೆ ‘ಳ’. ದ್ಸಾಲ್‌ಗೆ ನುಕ್ತಾ ಇರುವ ‘ದ’, ಳ್ವಾ ಅಕ್ಷರಕ್ಕೆ ನುಕ್ತಾ ಇರುವ ‘ಝ’. ನಾಲಿಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ಹೇಳುವ ಸಾ ಅಕ್ಷರಕ್ಕೆ ಉಸ್ತಾದರು ನುಕ್ತಾ ಇರುವ ‘ಥ’ವನ್ನು ಸೂಚಿಸಿದರು. ಉಮ್ಮ ಮೂರು ಸಲ ಓದಿ ನೋಡಿ ತಲೆಯಾಡಿಸಿದರು.

ಐನ್ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ನುಕ್ತಾದ ಜೊತೆಗೇ 2003ರಲ್ಲಿ ಕನ್ನಡಕ್ಕೆ ಬಂದ ಇನ್ನೊಂದು ಚಿಹ್ನೆ ಅವಗ್ರಹ. ಅದು ಉಪ್ಪನ ಕೊಕ್ಕೆಯನ್ನೇ ಹೋಲುತ್ತದೆ. ‘ಅಽಲೀಮ್’ ಎಂದು ಬರೆದು ತೋರಿಸಿದಾಗ ಉಮ್ಮ ಅದನ್ನು ಎಳೆದು ‘ಆಲೀಮ್’ ಎಂದು ಓದಿದರು. ಕನ್ನಡ ಬಲ್ಲವರು ಹಾಗೆಯೇ ಓದಬೇಕಾದದ್ದು. ಹಾಗಾಗಿ ಅದನ್ನು ಬಿಟ್ಟು ಒಂಟಿ ಉದ್ಧರಣ ಚಿಹ್ನೆಯನ್ನು ಹಿಡಿದೆವು. ಅಲ್ಲಿಯೂ ಯಂತ್ರ ತನ್ನ ಜಾಣತನ ತೋರಿಸುತ್ತದೆ. ಒಂದೇ ಕೀಲಿ ಒತ್ತಿದರೂ ಪದದ ಆರಂಭದಲ್ಲಿ ಅದು ತೆರೆಯುವ ಚಿಹ್ನೆಯಾಗುತ್ತದೆ, ಪದದ ನಡುವೆ ಮುಚ್ಚುವ ಚಿಹ್ನೆಯಾಗುತ್ತದೆ. ವಿದ್ವಾಂಸರ ರೂಢಿಯಲ್ಲಿ ಮೊದಲನೆಯದು ಐನ್, ಎರಡನೆಯದು ಹಂಝ. ಅಂದರೆ ‘ಜುಮುಅ’ದ ಐನ್ ತಾನಾಗಿಯೇ ಹಂಝವಾಗಿ ಬದಲಾಗುತ್ತದೆ. ಸ್ವಯಂ ತಿದ್ದುಪಡಿಯನ್ನು ನಿಲ್ಲಿಸಿ, ಐನ್‌ಗೆಂದೇ ಇರುವ 02ಬಿಎಫ್ ಎಂಬ ಚಿಹ್ನೆಯನ್ನು ಬಳಸಿದ ಮೇಲೆ ಅದು ಸ್ಥಿರವಾಗಿ ನಿಂತಿತು.

ಪ್ರವಾದಿಯವರ ಹೆಸರಿನ ಮುಂದಿನ ಸಲಾತ್‌ನ ವಿಷಯದಲ್ಲಿ ಉಸ್ತಾದರು ಕಟ್ಟುನಿಟ್ಟು. ಕನ್ನಡದಲ್ಲಿ ಆವರಣದೊಳಗೆ ‘ಸ’ ಎಂದಷ್ಟೇ ಬರೆಯುವ ರೂಢಿ ಅವರಿಗೆ ಹಿಡಿಸದು. ಹಿಜರಿ 643ರಲ್ಲಿ ತೀರಿಕೊಂಡ ಹದೀಸ್ ವಿದ್ವಾಂಸ ಇಬ್ನುಸ್ಸಲಾಹ್ ಅವರೂ ಸಲಾತನ್ನು ಒಂದೆರಡು ಅಕ್ಷರಗಳಿಗೆ ಮೊಟಕುಗೊಳಿಸಬಾರದೆಂದು ಲಿಪಿಕಾರರಿಗೆ ಹೇಳಿದ್ದಾರೆ. ಯೂನಿಕೋಡಿನಲ್ಲಿ ಎಫ್‌ಡಿಎಫ್‌ಎ ಎಂಬ ಸಂಖ್ಯೆಯ ಒಂದೇ ಚಿಹ್ನೆಯೊಳಗೆ ಪೂರ್ಣ ಸಲಾತ್ ಇದೆ. ಬಿಡಿಸಿದರೆ ನಡುವಿನ ಮೂರು ಖಾಲಿ ಜಾಗಗಳೂ ಸೇರಿ 18 ಅಕ್ಷರಗಳಾಗುತ್ತವೆ. ಆ ಸಂಖ್ಯೆ ಟೈಪಿಸಿ ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಸಾಕು. ಆದರೆ ಮಂದ ದೃಷ್ಟಿಯವರಿಗೆ ಅದು ಒಂದು ಮಸುಕಾದ ಮುದ್ರೆಯಂತೆ ಕಾಣುವುದರಿಂದ ನಮ್ಮ ಪುಸ್ತಕದಲ್ಲಿ ಪೂರ್ತಿ ಪದಗಳಲ್ಲಿಯೇ ಬರೆದೆವು.

ಮುದ್ರಣದ ದಿನ ಝೆರಾಕ್ಸ್ ಅಂಗಡಿಯ ಗಣಕಯಂತ್ರದಲ್ಲಿ ನಮ್ಮ ಫಾಂಟ್ ಇಲ್ಲದೆ ನುಕ್ತಾಗಳೆಲ್ಲ ಚೌಕಗಳಾದವು. ಮನೆಗೆ ಮರಳಿ, ಫಾಂಟ್ ಒಳಗೇ ಸೇರುವಂತೆ ಪಿಡಿಎಫ್ ಮಾಡಿ ಒಯ್ದೆ. ಇಂತಹ ಬರಹವನ್ನು ಯಾರಿಗೇ ಕಳುಹಿಸುವುದಿದ್ದರೂ ಹಾಗೆಯೇ ಕಳುಹಿಸಬೇಕು. ಹನ್ನೆರಡು ಪ್ರತಿಗಳಾದವು.

ಉಪ್ಪನ ಪುಸ್ತಕದಲ್ಲಿ ಹತ್ತನೆಯ ಗುರುತೊಂದು ಇತ್ತು. ದೀರ್ಘ ದುಆಗಳ ನಡುವೆ, ಯಾವ ಅಕ್ಷರಕ್ಕೂ ಸೇರದೆ, ಸಾಲಿನ ಮೇಲೆ ಒಂದು ಸಣ್ಣ ಗೆರೆ. ಅರಬಿಯ ಯಾವ ಅಕ್ಷರಕ್ಕೂ ಅದು ಹೊಂದುತ್ತಿರಲಿಲ್ಲ, ಉಸ್ತಾದರಿಗೂ ಅರ್ಥವಾಗಲಿಲ್ಲ. ಉಮ್ಮ ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ ನಕ್ಕರು. ಬೀಡಿಗೆ ದಾರ ಸುತ್ತುವ ಕೈ ನಿಲ್ಲದಿದ್ದರೆ ಉಸಿರೂ ನಿಲ್ಲುವುದಿಲ್ಲವೆಂದು, ಇಲ್ಲಿ ನಿಲ್ಲಿಸಿ ಉಸಿರು ತೆಗೆದುಕೊಳ್ಳಿ ಎಂದು ಉಪ್ಪ ಇಟ್ಟ ಗುರುತಂತೆ ಅದು. ಅದಕ್ಕೆ ಯಾವ ಸಂಖ್ಯೆಯನ್ನೂ ಹುಡುಕಲಿಲ್ಲ. ಅಲ್ಲಿ ಸಾಲು ಮುರಿದು, ಮುಂದಿನ ಪದವನ್ನು ಹೊಸ ಸಾಲಿನಿಂದ ಆರಂಭಿಸಿದೆ.